ಮಾದಪ್ಪನಿಗೆ ಹೇಳಿದ ಮುಡಿ

ಆ ಬೆಳಿಗ್ಗೆ ಮೋಡ ಹರಿದು, ಹಿಮದ ಇಳಿಜಾರು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಸ್ನೋಬೋರ್ಡ್ ಹಲಗೆಯ ಮೇಲೆ ಜಾರುವುದನ್ನು ಕಲಿಯಲು ಗೆಳೆಯ ಕೆಂಪರಾಜುವಿನ ಜೊತೆ ನಿಂತಿದ್ದ ಶಿವಲಿಂಗು, ಇಳಿಜಾರು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಬಾರೋ ಪುಕ್ಕಲ,” ಎಂದು ನಗುತ್ತಾ ಜಾರಿದ ಕೆಂಪರಾಜು, ಹಲಗೆ ನಿಲ್ಲಿಸಲಾಗದೆ ಪ್ರಪಾತದ ಕಡೆಗೇ ಹೊರಟ.

ಶಿವಲಿಂಗು ಎರಡೂ ಕೈ ಮೇಲೆತ್ತಿದ. “ಮಾದಪ್ಪಾ, ಇವನ್ನ ಉಳ್ಸಪ್ಪ, ನಿಂಗೆ ಮುಡಿ ಒಪ್ಪಿಸ್ತೀನಿ,” ಎಂದು ಕೂಗಿದ.

ಅಂಚಿಗೆ ಎರಡೇ ಮಾರು ಇರುವಾಗ ಕೆಂಪರಾಜು ಹಿಮದ ಗುಡ್ಡೆಗೆ ಸಿಕ್ಕಿ ನಿಂತ. ಶಿವಲಿಂಗು ಬಿದ್ದು ಎದ್ದು ಓಡಿಬಂದ.

“ದೇವ್ರು ಗೀವ್ರು ನಾನು ನಂಬಲ್ಲ ಕಣೋ,” ಎಂದ ಕೆಂಪರಾಜು, ಹಿಮದ ಗುಡ್ಡೆಯನ್ನು ಇನ್ನೂ ತಬ್ಬಿಕೊಂಡೇ. “ಅದಿರ್ಲಿ, ನಿನ್ನ ಬೋಳುತಲೇಲಿ ಯಾವ ಮುಡಿ ಅದೆ?”

“ನಿಂದೇ ಕಣೋ ಹೇಳ್ಕೊಂಡಿದ್ದು.”

ಮುಂದಿನ ಸೋಮವಾರ ಮಾದಪ್ಪನ ಬೆಟ್ಟದಲ್ಲಿ, ಹತ್ತು ವರ್ಷ ಸಾಕಿದ್ದ ಉದ್ದಗೂದಲು ಬಿಚ್ಚಿ, ಕೆಂಪರಾಜು ಕ್ಷೌರಿಕನ ಮುಂದೆ ತಲೆ ಬಾಗಿಸಿದ.