ಮೋಡಮ್ಮನಿಗೆ ಕಾಣದ ಊರು

ಅಂಕಯ್ಯ ಒಳಗೆ ಬಂದವನೇ ಬಾಗಿಲು ಮುಂದೆ ಮಾಡಿದ. ಹಪ್ಪಳದ ಹಿಟ್ಟು ನಾದುತ್ತಿದ್ದ ನಾಗಮಣಿ ತಲೆಯೆತ್ತಿದಳು. ಗ್ರಾಮ ಪಂಚಾಯ್ತಿ ಮೆಂಬರು ಹಾಡುಹಗಲಲ್ಲಿ ಹೀಗೆ ಬಾಗಿಲು ಹಾಕಿದರೆ ಊರಿಗೆ ಒಂದು ವಾರದ ಮಾತು.

"ನಾಗಮಣಿ, ನಿಜ ಯೋಳವ್ವ. ನಿನ್ ಮೋಡಮ್ಮಂಗೆ ನಮ್ ಕೆರೆ ಕಾಣ್ತದಾ?"

ಮೋಡಮ್ಮ ಎಂದರೆ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರು ಮತ್ತು ಅದಕ್ಕೆ ಸಿಕ್ಕಿಸಿದ್ದ ಬೆರಳುದ್ದದ ಮೋಡೆಮ್. ಆ ಹೆಸರು ಊರಿನವರೇ ಇಟ್ಟದ್ದು. ನಾಗಮಣಿ ಮದ್ದೂರಿನ ಸೈಬರ್ ಸೆಂಟರೊಂದರಲ್ಲಿ ಒಂಬತ್ತು ವರ್ಷ ದುಡಿದಿದ್ದಳು. ಸೆಂಟರು ಮುಚ್ಚಿದಾಗ ಮಾಲೀಕ ಎರಡನ್ನೂ ಅವಳಿಗೇ ಕೊಟ್ಟು ಕೈತೊಳೆದುಕೊಂಡ. ಅವಳು ಹಪ್ಪಳದ ಕೆಲಸ ಹಿಡಿದಳು.

ಹಪ್ಪಳಕ್ಕೆ ಮಳೆಯೇ ಶತ್ರು. ಫೋನು ದಿನಾ "ಮಳೆ ಬಂದರೂ ಬರಬಹುದು" ಎನ್ನುತ್ತಿತ್ತು. ಅಷ್ಟು ಹೇಳುವುದಕ್ಕೆ ಫೋನು ಯಾಕೆ? ಉಪಗ್ರಹ ತೆಗೆದ ಮೋಡದ ಚಿತ್ರ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು; ಅದೂ ಕಪ್ಪುಬಿಳುಪಿನದು, ಎಲ್ಲಕ್ಕಿಂತ ಚಿಕ್ಕದು. ತಿಂಗಳಿಗೆ ಒಂದು ಪೊಟ್ಟಣ ಟೀಪುಡಿಯಷ್ಟೂ ಖರ್ಚಿಲ್ಲ. ಬಿಳಿ ಮಚ್ಚೆಗಳು ಎತ್ತ ಸರಿಯುತ್ತಿವೆ ಎಂದು ನೋಡಿ, ಹಪ್ಪಳ ಒಣಗಹಾಕಬೇಕೋ ಬೇಡವೋ ತೀರ್ಮಾನಿಸುತ್ತಿದ್ದಳು. ತಪ್ಪಿದ್ದೇ ಇಲ್ಲ ಎನ್ನಬೇಕು.

ಮಳವಳ್ಳಿ ಒಂದರ ವಿಷಯದಲ್ಲಿ ಮಾತ್ರ ಎಡವಟ್ಟಾಗುತ್ತಿತ್ತು. ಗಂಡ ಮಹದೇವು ಪ್ರತಿ ಮಂಗಳವಾರ ಹಪ್ಪಳದ ಕಟ್ಟು ಹೊತ್ತು ಮಳವಳ್ಳಿಯ ಅಂಗಡಿಗಳಿಗೆ ಹೋಗುತ್ತಿದ್ದ. ಎಷ್ಟೋ ಸಲ ಮರಳುತ್ತಿದ್ದದ್ದು ಬುಧವಾರ ಮಧ್ಯಾಹ್ನ. "ಏನ್ ಮಳೆ ಅಂತೀಯಾ, ಕೊನೇ ಬಸ್ಸೂ ತಪ್ಪೋಯ್ತು" ಎನ್ನುತ್ತಿದ್ದ. ಸಂಜೆಯ ಚಿತ್ರದಲ್ಲಿ ಮಂಡ್ಯ ಜಿಲ್ಲೆಯ ಮೇಲೆಲ್ಲ ಒಂದು ಚೂರೂ ಬಿಳಿ ಇರುತ್ತಿರಲಿಲ್ಲ. ಪುಕ್ಕಟೆ ಮಾಲು ಇಷ್ಟೇ, ಮಳವಳ್ಳಿ ಇದಕ್ಕೆ ಕಾಣುವುದಿಲ್ಲ ಎಂದುಕೊಂಡು ನಾಗಮಣಿ ಕಂಪ್ಯೂಟರಿನ ತಲೆಗೊಂದು ಮೊಟಕುತ್ತಿದ್ದಳು.

ಈಗ ಅಂಕಯ್ಯನ ಕೆರೆ.

ಆ ಚಿತ್ರದಲ್ಲಿ ಇಡೀ ಜಿಲ್ಲೆ ಒಂದು ಸಾಸಿವೆ ಕಾಳಿನಷ್ಟಿತ್ತು. ಕೆರೆ ಎಲ್ಲಿಂದ ಕಾಣಬೇಕು? ಹಾಗೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೋದ ವರ್ಷದ್ದು ನೆನಪಾಯಿತು. ಕೆರೆ ಏರಿಯ ಮೇಲೆ ಹರವಿದ್ದ ಅವಳ ಹಪ್ಪಳವನ್ನು "ಸರ್ಕಾರಿ ಜಾಗ ಕಣಮ್ಮ ಇದು" ಎಂದು ಎತ್ತಿಸಿದ್ದವನು ಇದೇ ಅಂಕಯ್ಯ. ಅದೇ ತಿಂಗಳು ಅವನು ಕೆರೆಯಂಗಳಕ್ಕೇ ಬೇಲಿ ಹಾಕಿ ತೆಂಗಿನ ಸಸಿ ನೆಟ್ಟಿದ್ದ.

"ಅದು ಮೇಲಿಂದ ನೋಡ್ತದೆ ಅಣ್ಣ," ಎಂದಳು. "ಮೇಲಿಂದ ನೋಡೋದಕ್ಕೆ ಯಾವ ಮರೆ?"

ಅಂಕಯ್ಯ ಪರದೆಯತ್ತ ಬಗ್ಗಿದ. "ಇದೇನು, ಬೆಳ್ಳಗೆ ಸಾಲಾಗವೆ?"

"ನಂಗಿಂತ ನಿಮ್ಗೇ ಚೆನ್ನಾಗ್ ಗೊತ್ತಿರ್ಬೇಕಲ್ಲ."

ಅರಬ್ಬೀ ಸಮುದ್ರದ ಮೇಲಿನ ಮೋಡಗಳನ್ನು ಅಂಕಯ್ಯ ತನ್ನ ಬೇಲಿಯ ಕಲ್ಲುಗಂಬಗಳೆಂದು ಗುರುತಿಸಿದ. ಮುಖ ಒರೆಸಿಕೊಂಡ. "ಇದು ತಾಸಿಲ್ದಾರ್ರಿಗೂ ಸಿಕ್ತದಾ?"

"ಎಲ್ರಿಗೂ ಪುಕ್ಕಟೆ ಅಣ್ಣ."

ಮೂರನೆಯ ದಿನ ಬೇಲಿ ಇರಲಿಲ್ಲ. ತನ್ನ ದೊಡ್ಡ ಮನಸ್ಸಿನ ಬಗ್ಗೆ ಅಂಕಯ್ಯ ಅರಳಿಕಟ್ಟೆಯಲ್ಲಿ ಅರ್ಧ ಗಂಟೆ ಮಾತಾಡಿದ.

ಊರು ನಂಬಲಿಲ್ಲ, ಕಾರಣ ಹುಡುಕಿತು, ಮೋಡಮ್ಮ ಸಿಕ್ಕಿದಳು. ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಪಕ್ಕದ ಹೊಲದ ಬಾಂದುಕಲ್ಲನ್ನು ಎರಡು ಮೊಳ ಸರಿಸಿದ್ದೆ, ಮತ್ತೆ ಮೊದಲಿದ್ದ ಕಡೆಗೇ ನೆಟ್ಟಿದ್ದೇನೆ ಎಂದು ಚಿಕ್ಕಮಾದಮ್ಮ ಬಂದು ಒಪ್ಪಿಕೊಂಡಳು. ಡೇರಿಯ ಶಿವರಾಜು ಹಾಲಿಗೆ ನೀರು ಬೆರೆಸುತ್ತಿದ್ದದ್ದು ಹೆಂಚಿನ ಸೂರಿನ ಕೆಳಗೆ. "ಅದೂ ಕಾಣ್ತದಾ?" ಎಂದು ಕೇಳಿದ. ನಾಗಮಣಿ ಅವನ ಮುಖವನ್ನೇ ನೋಡಿದಳು. ಮಾರನೆಯ ದಿನದಿಂದ ಊರಿನ ಹಾಲಿನಲ್ಲಿ ಕೆನೆ ಕಟ್ಟಿತು.

ಅವಳು ಒಂದೇ ಒಂದು ಸುಳ್ಳು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ದೇವರು ನೋಡುತ್ತಾನೆಂದರೆ ಹೆದರದವರು ಕಂಪ್ಯೂಟರು ನೋಡುತ್ತದೆಂದಾಗ ನಡುಗಿದರು. ಅವಳಿಗೋ ನಗು ತಡೆಯಲಾಗುತ್ತಿರಲಿಲ್ಲ. ಎದುರು ಸಿಕ್ಕವರ ಮುಖ ನೋಡಿದರೆ ಸಾಕು, ಇವನದು ಏನಿರಬಹುದು ಎಂದು ಲೆಕ್ಕ ಹಾಕುವಷ್ಟು ಚಪಲವೂ ಹತ್ತಿತು. ಊರೆಲ್ಲ ಕಳ್ಳರು, ತಾನೊಬ್ಬಳು ಕಣ್ಣಿದ್ದವಳು ಎನ್ನಿಸಿತು.

ಮಹದೇವು ಮಾತ್ರ ಈ ನಗೆಯಲ್ಲಿ ಸೇರಲಿಲ್ಲ. ಹತ್ತು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿಗೆ ಬಂದ ಮರ್ಯಾದೆ ನೋಡಿ ಹೊಟ್ಟೆಕಿಚ್ಚಿರಬೇಕು, ಗಂಡಸರ ಹಣೆಬರಹವೇ ಇಷ್ಟು ಎಂದುಕೊಂಡಳು. ಬುಧವಾರ ಅವನು ಮಳವಳ್ಳಿಯಿಂದ ಬಂದಾಗ ನಿಜ ಹೇಳಿಬಿಡಬೇಕೆಂದಿದ್ದಳು. ಅದರಲ್ಲಿ ಕಾಣುವುದು ಬರೀ ಮೋಡ ಎಂದು ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗಬೇಕೆಂದಿದ್ದಳು.

ಅವನು ಚೀಲ ಇಳಿಸಿ ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ಒಂದ್ ಮಾತು ಗೊತ್ತಾ ನಿಮ್ಗೆ?" ಎಂದು ಅವಳು ನಗುತ್ತಲೇ ಶುರುಮಾಡಿದಳು. "ಆ ಮೋಡಮ್ಮ ಇದೆಯಲ್ಲ..."

"ಗೊತ್ತು ಕಣಮ್ಮಿ." ಅವನು ಕೈ ಮುಗಿದ. ಕಣ್ಣಲ್ಲಿ ನೀರಿತ್ತು. "ಊರೋರ್ದೆಲ್ಲಾ ನೋಡ್ದೋಳಿಗೆ ನಂದು ಕಾಣ್ದೆ ಇರ್ತದಾ? ಎಲ್ಲಾ ನೋಡ್ಕೊಂಡೂ ಇಷ್ಟ್ ದಿನ ಒಂದ್ ಮಾತು ಅಂದಿಲ್ವಲ್ಲ ನೀನು, ನಿನ್ನಂತೋಳು ಎಲ್ಲೂ ಸಿಕ್ಕಾಕಿಲ್ಲ. ನಾನೇ ಬಾಯ್ಬುಟ್ಟು ಯೋಳ್ಬುಡ್ತೀನಿ."

ಇವನೂ ಯಾರದೋ ಬದು ಒತ್ತಿರಬೇಕು ಎಂದುಕೊಂಡ ನಾಗಮಣಿ ನಗು ನುಂಗಿ, ಮುಖ ಗಂಭೀರ ಮಾಡಿಕೊಂಡಳು. "ಯೋಳಿ. ಮುಚ್ಚಿಡೋದು ಏನೈತೆ ಈಗ."

"ಮಗೀಗೆ ಬರೋ ತಿಂಗ್ಳು ಮೂರು ತುಂಬ್ತದೆ," ಎಂದ ಮಹದೇವು. "ಮಳವಳ್ಳಿ ಮನೆ ಮುಂದೆ ಆಡ್ತಿರ್ತಾನಲ್ಲ, ನೋಡಿರ್ತೀಯ... ನನ್ನಂಗೇ ಅವ್ನೆ, ಅಲ್ವಾ?"