ಮೂರು ಇಂಚಿಗೊಂದು ಚುಕ್ಕೆ

“ಎಂಟನೇ ಕ್ಲಾಸು ಫೇಲಾದೋನು ಮೆಕ್ಯಾನಿಕ್ಕಂತೆ! ಆ ಮಸಿ ಮೂತಿ ನೋಡ್ರೋ,” ಎಂದು ಮ್ಯಾನೇಜರ್ ಎಲ್ಲರೆದುರೇ ನಕ್ಕ. ಆಮೇಲೆ ಪ್ರಿಂಟರ್ ರಿಪೇರಿಯ ಹುಡುಗನ ಮುಂದೊಂದು ಹಾಳೆ ಎಸೆದ. ಮ್ಯಾನೇಜರ್ ಹೆಂಗಸರ ಮೈಮುಟ್ಟುತ್ತಾನೆಂದು ಯಾರೋ ಹೆಸರು ಹಾಕದೆ ಬರೆದ ದೂರು ಅದು. ಹೆಡ್ ಆಫೀಸಿನಿಂದ ಮ್ಯಾನೇಜರನ ಕೈಗೇ ವಾಪಸು ಬಂದಿತ್ತು.

“ಯಾವ ಪ್ರಿಂಟರಿಂದ ಬಂದಿದ್ದು ಹೇಳು. ಬರೆದೋರನ್ನ ಇವತ್ತೇ ಮನೆಗೆ ಕಳಿಸ್ತೀನಿ.”

ಹಾಳೆಯಲ್ಲಿ ಮೂರು ಇಂಚಿಗೊಂದು ಚುಕ್ಕೆಯಿತ್ತು. ಪ್ರಿಂಟರಿನೊಳಗೆ ಉರುಳುವ ಡ್ರಮ್ಮಿಗೆ ಗೀರು ಬಿದ್ದರೆ, ಅದು ಒಂದು ಸುತ್ತು ಉರುಳಿದಾಗಲೆಲ್ಲ ಅದೇ ಚುಕ್ಕೆ ಮೂಡುತ್ತದೆ. ಆ ಗೀರನ್ನು ಅವನು ಹೋದ ವಾರವೇ ನೋಡಿದ್ದ, ಆಫೀಸಿನ ಗುಮಾಸ್ತೆ ಕಸ್ತೂರಕ್ಕನ ಮೇಜಿನ ಪ್ರಿಂಟರಿನಲ್ಲಿ. ಈಗ ಅವಳು ಚಹಾ ಲೋಟ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದಳು.

“ಸರ್, ಆಫೀಸಿನ ನಾಲ್ಕೂ ಪ್ರಿಂಟರ್ ಬಿಚ್ಚಿ ಕ್ಲೀನ್ ಮಾಡಿ, ಒಂದೊಂದು ಹಾಳೆ ತೆಗಿತೀನಿ.”

“ಸುಳ್ಳು ಹೇಳಿದ್ಯೋ, ಪೊಲೀಸ್ರಿಗೆ ಕೊಡ್ತೀನಿ ಮಗನೇ.”

ಒಂದೇ ಅಳತೆಯ ನಾಲ್ಕು ಡ್ರಮ್ಮುಗಳನ್ನೂ ಹೊರತೆಗೆದು, ಯಾವುದು ಯಾವ ಪ್ರಿಂಟರಿನದೆಂದು ಬೇರೆಯವರಿಗೆ ಗೊತ್ತಾಗದಂತೆ ಸಾಲಾಗಿ ಇಟ್ಟು ಒರೆಸಿ, ಮತ್ತೆ ಕೂರಿಸುವಷ್ಟರಲ್ಲಿ ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಮೊದಲ ಹಾಳೆ ಚೊಕ್ಕವಾಗಿತ್ತು. ಎರಡನೆಯದೂ ಹಾಗೇ. ಕಸ್ತೂರಕ್ಕ ಕಣ್ಣು ಮುಚ್ಚಿಕೊಂಡಳು. ಅವಳ ಹಾಳೆಯೂ ಒಂದು ಚುಕ್ಕೆಯಿಲ್ಲದೆ ಬಂತು.

ಉಳಿದದ್ದು ಮ್ಯಾನೇಜರನ ಕೋಣೆಯದು. ಅದರ ಹಾಳೆಯನ್ನು ಅವನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಹರಡಿದ: ಮೂರು ಇಂಚಿಗೊಂದು ಚುಕ್ಕೆ.

“ಏಯ್, ನನ್ನ ಮೆಷಿನ್ನಲ್ಲಿ ಇದು ಹೆಂಗೋ ಬಂತು?”

ಅವನು ಚೀಲ ಹೆಗಲಿಗೇರಿಸಿ ಹೊರನಡೆದ.