ಮಳೆಯಿಲ್ಲದ ಊರಿನ ಕೆಸರು

ಕಾರಿನ ಮ್ಯಾಟಿನ ಮೇಲೆ ಮತ್ತೆ ಕೆಸರು.

ಸಪರ್ಗುಲ್ ಬ್ರಷ್ ಕೆಳಗಿಟ್ಟು ಕಾರಿನವನ ಕಡೆ ಕದ್ದು ನೋಡಿದಳು. ಉರ್ಗೆಂಚ್ ಊರಿನಲ್ಲಿ ವಸಂತ ಕಳೆದ ಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ತೊಳೆಯಲು ಬರುವ ಕಾರುಗಳೆಲ್ಲ ಹಿಟ್ಟಿನಂಥ ಧೂಳು ಹೊತ್ತು ಬರುತ್ತಿದ್ದವು. ಬರೀ ಧೂಳಾದರೆ ಮ್ಯಾಟನ್ನು ಗೋಡೆಗೆ ಬಡಿದು, ಒಣ ಬ್ರಷ್ಷಿನಿಂದ ಗೀರುಗಳ ಸಂದು ಉಜ್ಜಿದರೆ ಮುಗಿಯಿತು. ನೀರು ಸೋಕಿತೋ, ಕೆಲಸ ಕೆಟ್ಟಿತು. ಈ ಉಪ್ಪುಧೂಳು ನೀರು ಕುಡಿದರೆ ಅಂಟಾಗುತ್ತದೆ. ಸೋಪು ಹಚ್ಚಿ ತೊಳೆದು ಒಣಗಿಸಲೇಬೇಕು.

ಈ ಮತ್ಯಾಕೂಬನ ಕಾರು ಮಾತ್ರ ವಾರವಾರವೂ ಕೆಸರು ತರುತ್ತಿತ್ತು.

ಅವನು ನುಕುಸ್ ಪಟ್ಟಣಕ್ಕೆ ಬಾಡಿಗೆ ಓಡಿಸುತ್ತಿದ್ದ. ಆ ದಾರಿಯುದ್ದಕ್ಕೂ ಒಣ ಮರಳು. ಅದಿರಲಿ, ಕೆಸರಿನ ಮೇಲೆ ಒಂದು ಪಾದದ ಗುರುತೂ ಇರುತ್ತಿರಲಿಲ್ಲ. ಇಡೀ ದಿನ ಜನ ಹತ್ತಿಳಿಯುವ ಕಾರು ಅದು.

ಬರೀ ಧೂಳು, ಕೊಡವಿ ಕೊಟ್ಟರೆ ಸಾಕು ಎಂದು ಹೇಳಿಯೇ ಅವನು ಬಾಗಿಲಲ್ಲಿ ಕೀಲಿ ಕೊಡುತ್ತಿದ್ದ. ಆಮೇಲೆ ಕೆಸರು ತೋರಿಸಿದರೆ ಹುಬ್ಬೇರಿಸುತ್ತಿದ್ದ. ನಟನೆ ಚೆನ್ನಾಗಿತ್ತು.

ಆ ಬೇಸಿಗೆ ಕಾಲುವೆ ದಂಡೆಯ ಪಂಪುಗಳು ಒಂದೊಂದಾಗಿ ಕಳವಾಗುತ್ತಿದ್ದವು. ಹತ್ತಿಗೆ ನೀರು ಹಾಯಿಸುವ ಕಾಲ. ಪಂಪು ಹೋದವನ ಬೆಳೆಯೂ ಹೋಯಿತು. ಕಳ್ಳ ಬರುವುದು ಬಿಳಿ ಕಾರಿನಲ್ಲಿ ಎಂಬುದಷ್ಟೇ ಜನಕ್ಕೆ ಗೊತ್ತು. ಊರಿನ ಕಾರುಗಳೆಲ್ಲ ಬಿಳಿಯವೇ. ಆದರೆ ಕೆಸರು ಮೆತ್ತಿಕೊಂಡಿದ್ದು ಒಂದೇ.

ಚಿಕ್ಕಮ್ಮ ಬಿಬಿಜೋನಳಿಗೂ ಅನುಮಾನ ಬಂದಿದೆ ಎಂದು ಸಪರ್ಗುಲ್‌ಗೆ ಅನಿಸಿತ್ತು. ಗಂಡ ಸತ್ತ ಮೇಲೆ ಕಾರು ತೊಳೆಯುವ ಈ ಅಂಗಳವನ್ನು ನಡೆಸುತ್ತಿದ್ದವಳು ಅವಳೇ. ಬೇರೆ ಕಾರುಗಳನ್ನು ಯಾರು ಬೇಕಾದರೂ ಒಳಗೆ ತರಬಹುದು. ಮತ್ಯಾಕೂಬನ ಕಾರನ್ನು ಮಾತ್ರ ಅವಳೇ ಓಡಿಸಿಕೊಂಡು ಹೋಗಿ ಗೋಡೆಯ ಹಿಂದೆ, ಹಿಪ್ಪುನೇರಳೆ ಮರದಡಿ ನಿಲ್ಲಿಸುತ್ತಿದ್ದಳು. ಒಳಗೆಲ್ಲ ತಡಕುತ್ತಾಳೆ ಎಂದು ಕಾಣುತ್ತದೆ. ಬರಲು ಸ್ವಲ್ಪ ತಡವಾಗುತ್ತಿತ್ತು. ಆಮೇಲೆ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಅವನೆದುರು ಚಹಾದ ಕೆಟಲ್ ಹಿಡಿದು ಕೂರುತ್ತಿದ್ದಳು.

ಉಳಿದ ಚಾಲಕರಿಗೆ ಬಟ್ಟಲ ತುಂಬ ಸುರಿಯುತ್ತಿದ್ದಳು. ತುಂಬಿದ ಬಟ್ಟಲೆಂದರೆ ಕುಡಿದು ಹೊರಡು ಎಂದರ್ಥ. ಅವನಿಗೆ ಬಟ್ಟಲಿನ ತಳ ಮುಚ್ಚುವಷ್ಟೇ. ಮುಗಿದಂತೆ ಮತ್ತಷ್ಟು, ಮತ್ತೆ ಮತ್ತಷ್ಟು. ಹಾಗೆ ಸುರಿದರೆ ಅತಿಥಿ ಏಳುವಂತಿಲ್ಲ.

ಚಿಕ್ಕಮ್ಮ ಅವನನ್ನು ಹಿಡಿದಿಟ್ಟುಕೊಳ್ಳುತ್ತಿದ್ದಾಳೆ. ಸಪರ್ಗುಲ್‌ಗೆ ಅನುಮಾನವೇ ಉಳಿಯಲಿಲ್ಲ.

ಅವಳು ತೊಳೆದ ಮ್ಯಾಟನ್ನು ತಂತಿಯ ಮೇಲೆ ಹಾಕಹೋದಾಗ ಕಟ್ಟೆಯಿಂದ ಚಿಕ್ಕಮ್ಮನ ದನಿ ಬಂತು.

“ಬಿಸಿಲಿಗೆ ಹಾಕಬೇಡ ಕಣೇ, ರಬ್ಬರು ಬಿರಿಯುತ್ತೆ. ನೆರಳಲ್ಲಿ ಒಣಗಲಿ.”

ತಂತಿಯ ಮೇಲೆ ಆಗಲೇ ಬೇರೆ ಕಾರುಗಳ ಮ್ಯಾಟುಗಳು ಬಿಸಿಲು ಕಾಯುತ್ತಿದ್ದವು.

“ಬಿಬಿಜೋನ್, ನುಕುಸಿಗೆ ಹೋಗೋರು ಕಾಯ್ತಿದಾರೆ,” ಎಂದ ಮತ್ಯಾಕೂಬ.

“ಕಾಯಲಿ. ಒದ್ದೆ ಮ್ಯಾಟ್ ಹಾಸಿದ್ರೆ ಕಾರು ನಾರುತ್ತೆ. ಇಲ್ಲಿಂದ ಹಾಗೆಲ್ಲ ತಪ್ಪಿಸ್ಕೊಂಡು ಹೋಗೋಕಾಗಲ್ಲ ನೀವು.”

ಅವನು ನಕ್ಕ. ಸಪರ್ಗುಲ್ ಮ್ಯಾಟನ್ನು ನೆರಳಿಗೆ ಒಯ್ದಳು. ಚಿಕ್ಕಮ್ಮ ಬೆಂಕಿಯ ಜೊತೆ ಆಡುತ್ತಿದ್ದಾಳೆ. ಸಿಕ್ಕಿಬಿದ್ದೆ ಎಂದು ತಿಳಿದರೆ ಅವನು ಏನು ಮಾಡುತ್ತಾನೋ. ಶಾಲೆ ಬಿಟ್ಟು ಬಂದ ತನ್ನನ್ನು ಇಟ್ಟುಕೊಂಡು ಸಾಕುತ್ತಿದ್ದ ಜೀವ ಅದೊಂದೇ.

ಮಾತು ಅವಳಿಗೆ ಎಂದೂ ಸುಲಭವಾಗಿ ಬರುತ್ತಿರಲಿಲ್ಲ. ನಿನ್ನ ಬಾಯಿಗೂ ಮ್ಯಾಟ್ ಹಾಸಿದ್ದಾರಾ ಎಂದು ಚಾಲಕರು ಕೆಣಕುತ್ತಿದ್ದರು. ಆದರೂ ಮರುದಿನ ರೊಟ್ಟಿ ತರುವ ನೆಪದಲ್ಲಿ ಹೋಗಿ, ಬಡಾವಣೆಯ ಪೊಲೀಸ್ ಶೆರ್ಮತನಿಗೆ ನೆಲ ನೋಡುತ್ತಲೇ ಎಲ್ಲ ಹೇಳಿದಳು. ಮಳೆಯಿಲ್ಲ, ಕೆಸರಿದೆ. ಜನ ಕೂರುತ್ತಾರೆ, ಗುರುತಿಲ್ಲ. ಶೆರ್ಮತ ಮುಂದಿನ ವಾರ ಬರುತ್ತೇನೆಂದ.

ಬಂದ. ಮತ್ಯಾಕೂಬ ಕಟ್ಟೆಯ ಮೇಲೆ ಕೂತು ಇನ್ನೂ ಮೊದಲ ಗುಟುಕು ಕುಡಿಯುತ್ತಿದ್ದ. ಶೆರ್ಮತ ಗೋಡೆಯ ಹಿಂದೆ ಹೋಗಿ ಮ್ಯಾಟನ್ನು ಕೈಯಲ್ಲೇ ಹಿಡಿದು ತಂದ. ಕೆಸರು ತೊಟ್ಟಿಕ್ಕುತ್ತಿತ್ತು. ಕಾಯುತ್ತ ನಿಂತಿದ್ದ ಚಾಲಕರೆಲ್ಲ ಹತ್ತಿರ ಬಂದರು.

“ಎಲ್ಲಿಯ ಕೆಸರಣ್ಣ ಇದು?”

“ನನಗೂ ಗೊತ್ತಿಲ್ಲ. ಪ್ರತಿ ಸಲ ಹೀಗೇ ಆಗುತ್ತೆ.”

“ಕಾಲುವೆ ಕಡೆ ಹೋಗಿದ್ರಾ?”

“ಇಲ್ಲ.”

“ಹಾಗಾದ್ರೆ ಆಕಾಶದಿಂದ ನಿಮ್ಮ ಕಾರೊಳಗೆ ಮಾತ್ರ ಬಿತ್ತು.”

ಯಾರೋ ನಕ್ಕರು. ಪಂಪು ಕಳೆದುಕೊಂಡಿದ್ದ ಚಾಲಕನೊಬ್ಬ ನಗಲಿಲ್ಲ; ಅಂಗಿಯ ತೋಳು ಮಡಚಿದ. ಮತ್ಯಾಕೂಬನ ಮುಖ ಬಿಳುಚಿತು. ಠಾಣೆಗೆ ಹೋದರೆ ಬಾಡಿಗೆಯ ಪರವಾನಗಿ ಹೋಗುತ್ತದೆ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾಳೆ ಎಂದು ತಡವರಿಸಿದ. ಶೆರ್ಮತ ಅವನ ಭುಜ ಹಿಡಿದು ಎಬ್ಬಿಸಿದ.

ಸಪರ್ಗುಲ್ ಉಸಿರು ಬಿಟ್ಟಳು. ಸದ್ಯ, ಚಿಕ್ಕಮ್ಮ ಬಚಾವಾದಳು.

ಆಗ ಬಿಬಿಜೋನ್ ಎದ್ದು ನಿಂತಳು. ಸುತ್ತ ನಿಂತ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಬಡಾವಣೆಯ ಒಲೆ ಒಲೆಗೂ ಮುಟ್ಟುತ್ತದೆ ಎಂದು ಗಂಡನಿಲ್ಲದ ಹೆಣ್ಣಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಲೆವಸ್ತ್ರವನ್ನು ಹಣೆಗೆಳೆದುಕೊಂಡಳು. ಕಿವಿಗಳು ಕೆಂಪಾಗಿದ್ದವು.

“ಅವರನ್ನು ಬಿಡಪ್ಪಾ, ಆ ಕೆಸರು ನಾನು ಹಾಕಿದ್ದು,” ಎಂದಳು. “ಬರೀ ಧೂಳಾದ್ರೆ ಕೊಡವಿಸ್ಕೊಂಡು ಹೊರಟುಬಿಡ್ತಾರೆ. ಕೆಸರಾದ್ರೆ, ಒಣಗೋವರೆಗೂ ಕೂತಿರ್ತಾರೆ.”